ಮೋತಿ ಸರ್ಕಲ್ ತನಕ

ಬೆಳಿಗ್ಗೆ ಚೋಕು ಎಳೆದರೆ ಒಂದೇ ಕರೆಗೆ ಏಳುತ್ತದೆ.
ಸುಳ್ಳು ಯಾಕೆ, ಎರಡನೇ ಕರೆಗೆ.
ಕೌಲ್ ಬಜಾರಿನ ನಮ್ಮ ಓಣಿ ತುಂಬ ಹಸಿ ಪೆಟ್ರೋಲು ವಾಸನೆ,
ಗುಂಡಿ ಹಚ್ಚುವ ಹುಡುಗರು ಮೂಗು ಹಿಡಿದು
"ಸುಂಕಕ್ಕನ ಎಮ್ಮೆ ಕೆಮ್ಮಿತು, ಗಂಟೆ ಏಳಾತು" ಅನ್ನುತ್ತಾರೆ.

ಹಿಂದೆ ಇನ್ನೂರ ನಲವತ್ತು ಪ್ಯಾಂಟು,
ಇಪ್ಪತ್ತರಂತೆ ಹನ್ನೆರಡು ಗಂಟು,
ವಾಷಿಂಗಿಗೆ ಹೊರಟ ಗಡಸು ಕಪ್ಪುನೀಲಿ.
ಚೋಕು ಅರ್ಧ ಒಳಗೆ, ಆಮೇಲೆ ಪೂರ್ತಿ ಒಳಗೆ.
ಎಂಜಿನ್ನು ನುಣ್ಣಗೆ ಓಡುತ್ತದೆ, ನಾನೂ ಏನೋ ಗುನುಗುತ್ತೇನೆ
ಮೋತಿ ಸರ್ಕಲ್ ತನಕ.

ಅಲ್ಲಿ, ಪೊಲೀಸಪ್ಪ ಕೈ ಎತ್ತುವ ಮೊದಲೇ, ಇದು ನಿಲ್ಲುತ್ತದೆ.
ಚೋಕು ಎಳೆದರೆ ಎರಡು ಗುಟುಕು ಜೀವ,
ಬಿಕ್ಕಳಿಸಿ ಮತ್ತೆ ಸುಮ್ಮನೆ.
ಹಿಂದಿನ ಲಾರಿಯವನು ತೆಲುಗಿನಲ್ಲಿ ಶುರುಮಾಡಿ
ಕನ್ನಡದಲ್ಲಿ ಬೈದು ಮುಗಿಸುತ್ತಾನೆ.
ಇಳಿದು, ಮುಚ್ಚಳ ತೆಗೆದು, ಬೇವಿನ ಕಡ್ಡಿ ಇಳಿಸಿ ನೋಡುತ್ತೇನೆ:
ನಾಲ್ಕು ಬೆರಳು ಪೆಟ್ರೋಲು ಇದ್ದೇ ಇದೆ.
ಹತ್ತಿ ಕೀ ತಿರುವಿದರೆ, ನಾಚಿಕೆಗೆಟ್ಟದ್ದು, ಏಳುತ್ತದೆ.
ಕಡ್ಡಿಯ ಕೈಗುಣ ಅಂದುಕೊಂಡು
ಅದನ್ನು ಸೀಟಿನ ಕೆಳಗೆ ಜೋಪಾನ ಇಟ್ಟಿದ್ದೆ.

ದಾದಾಪೀರ್ ಮೇಸ್ತ್ರಿ ಮೊದಲ ದಿನ ಚೋಕಿನ ವೈರು ಬದಲಿಸಿದ.
"ತಗಡು ಪೂರ್ತಿ ತೆರೀತಿದ್ದಿಲ್ಲ, ಗಾಳಿ ಸಿಗದೆ ಒದ್ದಾಡ್ತಿತ್ತು" ಅಂದ.
ಎರಡನೇ ದಿನ ಕಾರ್ಬೊರೇಟರು ಬಿಚ್ಚಿ ಹರಿವಾಣದಲ್ಲಿ ಹರಡಿದ,
ಜೆಟ್ಟು, ಫ್ಲೋಟು, ಮುಳ್ಳು, ಹಿತ್ತಾಳೆಯ ಚಿಕ್ಕ ಚಿಕ್ಕ ಒಡವೆ.
ಬಟ್ಟಲಿನ ತಳದಲ್ಲಿ ಕೆಂಪು ಗಸಿ.
ಒಡೆದ ಸ್ಪೀಕರಿನ ಅಯಸ್ಕಾಂತ ಹಿಡಿದ; ಗಸಿ ಎದ್ದು ನಿಂತಿತು
ಮುಳ್ಳುಹಂದಿಯ ಮರಿಯಂತೆ.
"ನೋಡಕ್ಕಾ, ಸಂಡೂರಿನ ಗುಡ್ಡ.
ನಿನ್ನ ಗಾಡ್ಯಾಗ ಬಾಡಿಗಿ ಇಲ್ದೆ ಹೊಂಟೈತೆ."
ನಕ್ಕೆವು. ಜೆಟ್ಟನ್ನು ಬಾಯಿಂದ ಊದಿ ಸೂರ್ಯನಿಗೆ ಹಿಡಿದ,
ಸೂಜಿಮೊನೆಯಷ್ಟು ಬೆಳಕು ಅವನ ಕೆನ್ನೆಯ ಮೇಲೆ ಬಿತ್ತು.
ಮೂರನೇ ದಿನ ಎಸಿ ಪಂಪಿನ ಡಯಾಫ್ರಮ್ಮು, ನಾನೂರ ಐವತ್ತು.

ಮತ್ತೆ ಮೋತಿ ಸರ್ಕಲ್.

ನಾಲ್ಕನೇ ದಿನ ಅವನು ಸ್ಪಾನರು ಮುಟ್ಟಲಿಲ್ಲ.
ಚಹಾ ತರಿಸಿದ. "ನಿಂತಾಗ ನೀ ಏನೇನು ಮಾಡ್ತೀ,
ಒಂದೂ ಬಿಡದೆ ಹೇಳು."
ಹೇಳಿದೆ. ಬೈಗುಳ ಬಿಟ್ಟು ಎಲ್ಲ.
ಕಡ್ಡಿಯ ಮಾತು ಬಂದಾಗ ಲೋಟ ಕೆಳಗಿಟ್ಟ.
ಎಂಜಿನ್ನು ಓಡಿಸಿ, ಅದು ತಾನಾಗಿ ಸೋಲುವ ತನಕ ಕಾದು,
ಟ್ಯಾಂಕಿನ ಮುಚ್ಚಳ ಮೆಲ್ಲಗೆ ತಿರುವಿದ.

ಹುಸ್ಸ್ ಅಂತ ಟ್ಯಾಂಕು ಉಸಿರೆಳೆಯಿತು,
ಕೆರೆಯಲ್ಲಿ ಮುಳುಗಿ ಮೇಲೆದ್ದ ಎಮ್ಮೆಯ ಹಾಗೆ.

ಮುಚ್ಚಳಕ್ಕೆ ಜೀನ್ಸಿನ ಟೋಪಿ,
ಒಳಗೆ ರೆಕ್ಸಿನ್ ಅಸ್ತರು, ಪಂಚರ್ ಸೊಲ್ಯೂಷನ್ ಹಚ್ಚಿ ಅಂಟಿಸಿದ್ದು,
ಸುತ್ತ ಹಳದಿ ದಾರದ ಜೋಡಿ ಹೊಲಿಗೆ.
"ಇದ್ಯಾರ ಕೈ ಕೆಲಸ?" ಕೇಳಿದ, ಗೊತ್ತಿದ್ದೂ.
ಈ ಊರಿನ ಧೂಳು ಒಂದು ಕಣವೂ ಇಳಿಯಬಾರದೆಂದು
ಕರೆಂಟು ಹೋದ ರಾತ್ರಿ, ಮೊಬೈಲಿನ ಬೆಳಕಲ್ಲಿ,
ನಾನೇ ಹೊಲಿದದ್ದು.

"ಮುಚ್ಚಳಕ್ಕೊಂದು ತೂತು ಇರ್ತೈತಕ್ಕಾ, ಗುಂಡುಸೂಜಿಯಷ್ಟು.
ಪೆಟ್ರೋಲು ಹೋದಷ್ಟು ಗಾಳಿ ಒಳಗ ಬರಬೇಕು.
ನಾನು ಮುಂದಿನ ಚೋಕು ಹಿಡ್ಕೊಂಡು ಕುಂತಿದ್ದೆ,
ಹಿಂದೊಂದು ನೀನೇ ಎಳೆದಿಟ್ಟೀದಿ."
ಆ ದಿನ ದುಡ್ಡು ತೆಗೆದುಕೊಳ್ಳಲಿಲ್ಲ.
ಡಯಾಫ್ರಮ್ಮಿನದು ವಾಪಸೂ ಕೊಡಲಿಲ್ಲ.

ಟೋಪಿ ಕಿತ್ತೆಸೆಯಲು ಮನಸ್ಸಾಗಲಿಲ್ಲ.
ಸಂಜೆ ಎರ್ರೆಮ್ಮನ ಕಾಜಾ ಮಿಷಿನ್ನಿಗೆ ಕೊಟ್ಟೆ:
ತೂತಿನ ನೇರಕ್ಕೆ ಒಂದು ಕಾಜಾ.
ಮಿಷಿನ್ನು ಸುತ್ತ ಹೊಲಿದು, ನಡುವೆ ಬ್ಲೇಡು ಇಳಿಸಿತು.
"ಗುಂಡಿ ಎಲ್ಲಿ?" ಅಂದಳು.
ಇದಕ್ಕೆ ಗುಂಡಿ ಇಲ್ಲ, ಅಂದೆ.