ನಾಲ್ಕನೇ ಮೂಲಿ

ಹಾವೇರಿಪೇಟಿಯೊಳಗ
ಮಕ್ತುಂಸಾಬರ ಟೇಲರಿಂಗ್ ಅಂಗಡಿ ಮ್ಯಾಲಿನ ಖೋಲಿ ನಮ್ಮದು.
ಬಾಡಿಗಿ ಎಂಟುನೂರು ಕಮ್ಮಿ ಮಾಡ್ಯಾರ,
ಬದಲಿಗೆ ಅವರ ಮೊಮ್ಮಗಳಿಗೆ ಗಣಿತ ಹೇಳಬೇಕು.
ಮುಸ್ಲಿಂ ವಿದ್ಯಾರ್ಥಿ ಕೇಂದ್ರ ಅಂತ ಬೋರ್ಡು ಬರೆಸಿದ್ವಿ,
ಪೇಂಟರ ಸೊನ್ನಿ ಮರೆತ.
ಕೇದ್ರ. ಇವತ್ತಿಗೂ ಹಂಗ ಐತಿ.

ನಮಾಜಿಗೊಂದು ಚಾಪಿ, ಹರಟಿಗೊಂದು ಚಾಪಿ,
ಎರಡು ಮಣಿ ಸತ್ತ ಹಾರ್ಮೋನಿಯಂ,
ಶುಕ್ರವಾರ ಸಂಜೀಕ ಚಹಾ, ಚಿತ್ರ, ಕವಿತಾ, ತಕರಾರು.

ಅಂಥಾದ್ದೊಂದು ಶುಕ್ರವಾರ
ದಿಲಶಾದ ಪಾವಟಿಗಿ ಏರಿ ಬಂದ್ಲು.
ಗುಂಗುರುಗೂದಲು, ಕಪ್ಪು ಕೈ,
ಕೈಯಾಗ ಎಂ.ಎ. ಹಾಲ್ ಟಿಕೀಟು.
ನಾನು, ಕೇಂದ್ರದ ಕಾರ್ಯದರ್ಶಿ, ನಾಜಮೀನ ಕಿತ್ತೂರ,
ಇಂಗ್ಲೀಷಿನಾಗ ಕೇಳಿದೆ: ಯಾವ ದೇಶ ನಿಮ್ಮದು?

ಆಕಿ ಚಪ್ಪಲಿ ಬಿಡಕೋತ ಅಂದ್ಲು,
"ಹಳಿಯಾಳ ತಾಲೂಕು ರೀ.
ಕುಡಿಯಾಕ ನೀರು ಅದಾವೇನು?"

ಸ್ಟೀಲಿನ ಲೋಟಾ ಅಲ್ಲೇ ಇತ್ತು.
ನನ್ನ ಕೈ ಪ್ಲಾಸ್ಟಿಕ್ಕಿನದಕ್ಕ ಹೋತು.
ಯಾಕ ಹೋತು ಅಂತ
ರಾತ್ರಿ ಹಾಸಿಗ್ಯಾಗ ಕೈಯನ್ನ ಕೇಳಿದೆ.
ಕೈ ಏನೂ ಹೇಳಲಿಲ್ಲ.

ಹಂಗಂತ ನಾವೇನು ಕಮ್ಮಿ ಮಾತಾಡಿದವರಾ?
ಬಿಲಾಲರ ಅಜಾನಿನ ಕತಿ ನನ್ನ ಭಾಷಣದಾಗ ಮೂರು ಸಲ.
ಮನುಷ್ಯಾರೆಲ್ಲ ಬಾಚಣಿಗಿ ಹಲ್ಲಿನಂಗ ಸಮ ಅಂತ
ಗ್ವಾಡಿಗೆ ಬರೆದು ಹಚ್ಚಿದ್ದು ನನ್ನ ಅಕ್ಷರನ.
ಅದನ್ನ ಓದಿ ದಿಲಶಾದ ನಕ್ಕಳು:
"ನನ್ನ ಕೂದಲಕ್ಕ ಈ ಬಾಚಣಿಗಿ ನಡೆಯಂಗಿಲ್ರೀ,
ಮುರೀತೈತಿ."

ನಾಲ್ಕಾರು ವಾರ ಬೇಕಾದ್ವು ಉಳಿದದ್ದು ಹೇಳಾಕ.
ಸಪ್ತಾಪುರದಾಗ ಖೋಲಿ ಕೇಳಿದ್ರ ಮಾಲಕ
ಪಾಸ್‌ಪೋರ್ಟ್ ತಾ ಅಂದ್ನಂತ,
ರೇಷನ್ ಕಾರ್ಡು ಕೊಟ್ರ ಬೆಳಕಿಗೆ ಹಿಡಿದು ನೋಡಿದ್ನಂತ.
ಬಸ್ಸಿನಾಗ ಪಕ್ಕದ ಸೀಟು
ಜುಬಿಲಿ ಸರ್ಕಲ್ ತನಕ ಖಾಲಿ.
ಹೆಣ್ಣು ನೋಡಾಕ ಬಂದ ನಮ್ಮ ಜಮಾತಿನವರು
'ಬಣ್ಣ ಒಂದ...' ಅಂತ ಮಾತು ಅರ್ಧಕ್ಕ ಬಿಟ್ಟು
ಚಹಾ ಪೂರ್ತಿ ಕುಡಿದು ಹೋದರಂತ.

ಖಾರ್ತೂಮಿನ ಇದ್ರೀಸ, ಫಾರ್ಮಸಿ ಹುಡುಗ,
ಕನ್ನಡ ಬರದವ, ಎಲ್ಲಾ ತಿಳಿದವನಂಗ ತಲಿ ಹಾಕಿದ.
ತಬಲಾ ಕಲಿಸಾಕ ಬರೋ ಬಸಲಿಂಗ ಮಾದರ
ತಬಲಾದ ಮ್ಯಾಲೆ ಅಂಗೈ ಇಟ್ಟು
ದನಿ ಬರದಂಗ ಒತ್ತಿ ಹಿಡಿದು ಕುಂತ.

ಅರ್ಜಿ ಬರೆದ್ವಿ. ಮೊಹರು ಬಿತ್ತು: ಪರಿಶೀಲಿಸಲಾಗುವುದು.
ಮೊಹರಿನ ಮಸಿ ಭಾಳ ಕಪ್ಪಿತ್ತು,
ಅದರ ದೇಶ ಯಾವುದಂತ ಯಾರೂ ಕೇಳಲಿಲ್ಲ.
ಏಳು ಮಂದಿ ಕೂಡಿ ಸಪ್ತಾಪುರಕ್ಕ ಹೋದ್ವಿ.
ಖೋಲಿ ಹೋತು, ಅಂದ ಮಾಲಕ.
ಬಾಡಿಗೆಗೆ ಇದೆ ಅನ್ನೋ ರಟ್ಟು
ಅವನ ತಲಿ ಹಿಂದ ಗಾಳಿಗೆ ಬಡಕೋತಿತ್ತು.

ತಿರುಗಿ ಬಂದ ಸಂಜೀಕ ಯಾರಿಗೂ ಕವಿತಾ ಬ್ಯಾಡಾಗಿತ್ತು.
ದಿಲಶಾದ ಕೆಳಗಿಳಿದು
ಮಕ್ತುಂಸಾಬರ ಚಿಂದಿ ಚೀಲ ಹೊತ್ತು ತಂದ್ಲು.
"ಕೌದಿ ಹೊಲಿಯೂಣ. ಥಂಡಿ ಬಂತು."
ಇದ್ರೀಸ ಅಪ್ಪನ ಬಿಳಿ ನಿಲುವಂಗಿ ತಂದ,
ಬಸಲಿಂಗ ಅಜ್ಜನ ಹಳದಿ ರುಮಾಲಿನ ಸೆರಗು.
ನಾ ತಂದದ್ದು ನನ್ನ ಕುರ್ತಾದ ಬಲಗೈ ತೋಳು.

ನಡುವಿನಿಂದ ಸೂಜಿ ಹಾಕಿದೆ. ಆಕಿ ಬಿಚ್ಚಿದ್ಲು.
"ಅಂಚಿನಿಂದ ಶುರು ಮಾಡಬೇಕ್ರೀ ಕಾರ್ಯದರ್ಶಿಗಳ,
ಕೇದ್ರಕ್ಕ ಕಡೀಕ ಬರೋದು."
ಬೋರ್ಡು ಓದಿದಂಗ ಅಂದ್ಲು, ಸೊನ್ನಿ ಬಿಟ್ಟು.
ಇದ್ರೀಸನೂ ನಕ್ಕ, ಯಾಕಂತ ತಿಳೀದ.

ಅವರ ಕಡೆ ಕೌದಿಗೆ ನಾಲ್ಕು ಮೂಲಿಗೂ
ಮಡಚಿದ ಅರಿವಿ ಹೂ ಇಡತಾರ.
ಹೂ ಇಲ್ಲದ ಕೌದಿ ಬತ್ತಲಂತ,
ಹೊಚ್ಚಿಕೊಂಡವರಿಗೆ ಅಲ್ಲ, ಕೌದಿಗೇ ನಾಚಿಕಿ.
ಮೂರು ಮುಗಿದಾವ. ಖೋಲಿ ಇನ್ನೂ ಸಿಕ್ಕಿಲ್ಲ,
ದಿಲಶಾದ ಅದನ್ನ ಹೊಚ್ಚಿಕೊಂಡು ಇಲ್ಲೇ ಮಲಗತಾಳ,
ಬತ್ತಲ ಮೂಲಿ ಕಾಲಕಡೆ ಮಾಡಿ.

ನಿನ್ನೆ ಲೈಟು ಹೋತು. ಕತ್ತಲ್ಯಾಗ ಆಕಿ ಕೇಳಿದ್ಲು,
"ನಿಮ್ಮ ಊರು ಖರೇ ಯಾವುದ್ರೀ?"
ಕಿತ್ತೂರು ಅಂದೆ.
"ಅದಕ್ಕೂ ಮೊದಲ?"
ಗೊತ್ತಿಲ್ಲ.
"ಹಂಗಾರ ದಾರ ಕೊಡ್ರಿ ಇಲ್ಲೆ."