ನಾಲ್ಕು ಕಿಲೋ

ಹಳೆಯ ರಿಸೀವರ್ ಸತ್ತದ್ದು ಭಾನುವಾರ ರಾತ್ರಿ,
ಸಿನಿಮಾದ ಹೆಂಗಸು ಬಾಗಿಲು ತೆರೆದು
ಏನೋ ಹೇಳಹೊರಟಾಗ.
ಠಪ್. ಸುಟ್ಟ ಧೂಳಿನ ವಾಸನೆ.
ಅದರ ಬೆನ್ನ ಮೇಲೆ ಮಲಗಿದ್ದ ಬೆಕ್ಕು ಕ್ಲುಸ್ಕಾ
ಒಂದು ಕಣ್ಣು ತೆರೆದು ಮುಚ್ಚಿತು,
ಬಿಸಿ ಇನ್ನೂ ಆರಿರಲಿಲ್ಲ.

ಹದಿನೇಳು ಕಿಲೋ ಹೆಣ.
ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ತಿರುವಿಗೊಮ್ಮೆ ಇಳಿಸಿ, ಉಸಿರೆಳೆದು, ಮತ್ತೆ ಎತ್ತಿ
ಕೆಳಗೆ ತಂದೆವು ನಾನೂ ಬೋಗುಮಿಲನೂ.
ಎರಡನೇ ಮಹಡಿಯ ಗೆನೊವೇಫಾ
ಬಾಗಿಲ ಸಂದಿಯಿಂದ ನೋಡಿ
ಶಿಲುಬೆಯ ಗುರುತು ಹಾಕಿಕೊಂಡಳು.

ಗ್ದಿನಿಯಾ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನು ನಡೆಸಿದವನು ನನ್ನ ಗಂಡ.
ಬಲಗಿವಿಯನ್ನು ಅಲ್ಲೇ ಬಿಟ್ಟು ಬಂದ.
ತೂಕವೊಂದನ್ನೇ ನಂಬುತ್ತಾನೆ.
ಬ್ರೆಡ್ಡನ್ನು ಅಂಗೈಯಲ್ಲಿ ತೂಗಿಯೇ ಕೊಳ್ಳುವುದು;
ಮದುವೆಯ ದಿನ ನನ್ನನ್ನೂ ಎತ್ತಿ ನೋಡಿ
'ಸರಿ' ಎಂದಿದ್ದ.

ಡಬ್ಬಿಯಲ್ಲಿದ್ದದ್ದು ಸಾವಿರದ ಇನ್ನೂರು ಜ್ಲೋಟಿ,
ಹಲ್ಲಿನ ಡಾಕ್ಟರಿಗೆಂದು ಎತ್ತಿಟ್ಟದ್ದು.
ಹಲ್ಲು ಕಾಯಬಹುದು.

ಸ್ಟೇಷನ್ ಹಿಂದಿನ ಅಂಗಡಿಯ ಹುಡುಗ ತಿಮೋನ್ ಹೇಳಿದ:
'ಇದರ ಹಣೆಯಲ್ಲಿ ನೂರು ವಾಟ್ ಎಂದು ಬರೆದಿದೆ.
ಅದು ಒಂದೇ ಚಾನೆಲ್ ಹಾಡುವಾಗಿನ ಮಾತು.
ಐದೂ ಒಟ್ಟಿಗೆ ಬಾಯಿಬಿಟ್ಟರೆ
ಅರ್ಧ ಉಳಿದರೆ ನಿಮ್ಮ ಪುಣ್ಯ.'
ಒಳಗಿಂದ ಮಾಲೀಕ ಕೆಮ್ಮಿದ.

ಮೂಲೆಯಲ್ಲೊಂದು ಚಪ್ಪಟೆ ಪೆಟ್ಟಿಗೆ.
'ಡಿಜಿಟಲ್ ಆಂಪ್ಲಿಫೈಯರ್. ಹಳೆಯವು
ನಲ್ಲಿಯನ್ನು ಅರ್ಧ ತಿರುಗಿಸಿ ಹಿಡಿದಂತೆ,
ತಡೆದು ತಡೆದೇ ಕಾಯುತ್ತವೆ.
ಇದು ತೆರೆ ಮುಚ್ಚು, ತೆರೆ ಮುಚ್ಚು,
ಸೆಕೆಂಡಿಗೆ ಲಕ್ಷಗಟ್ಟಲೆ ಸಲ;
ನಡುವೆ ಬಿಸಿಯಾಗಲು ಪುರುಸೊತ್ತೆಲ್ಲಿ?'

ಬೋಗುಮಿಲ್ ಒಂದೇ ಕೈಯಲ್ಲಿ ಎತ್ತಿದ.
ಇಳಿಸಿದ. ಮತ್ತೆ ಎತ್ತಿದ.
'ಒಳಗೇನೂ ಇಲ್ಲ.'
'ಮೂರ್ತಿ ಚಿಕ್ಕದು,' ಎಂದೆ ನಾನು.
'ಕೀರ್ತಿಗೆ ಗ್ಯಾರಂಟಿ ಎಷ್ಟು ವರ್ಷ?' ಎಂದು ಹುಡುಗನನ್ನು ಕೇಳಿದ.
ಎರಡು.

ತಿಮೋನ್ ಗುಂಡಿ ಒತ್ತಿದ. ಸೇತುವೆ ಕುಸಿಯಿತು,
ನಮ್ಮ ಬೆನ್ನ ಹಿಂದೆ ಹೆಲಿಕಾಪ್ಟರ್ ಇಳಿಯಿತು.
ನಿಲ್ಲಿಸಪ್ಪಾ, ಎಂದೆ,
ಬೀಳುವ ಸೇತುವೆ ಕಿವುಡರಿಗೂ ಕೇಳುತ್ತದೆ.
ಅಡುಗೆಮನೆಯಲ್ಲಿ ಇಬ್ಬರು
ಮೂರನೆಯವರಿಗೆ ಕೇಳದ ಹಾಗೆ ಮಾತಾಡುವುದು
ಏನಾದರೂ ಇದ್ದರೆ ಹಾಕು.
ತುಂಬ ಹೊತ್ತು ಹುಡುಕಿದ.

ಕಣ್ಣು ಮುಚ್ಚಿದೆ.
ಚಮಚ ಲೋಟದಂಚಿಗೆ ತಗುಲಿತು.
ಯಾರೋ ಉಸಿರು ಬಿಗಿಹಿಡಿದರು.
ಅದರ ಹಿಂದೆ ಹಳೆಯದರ ಗುಂಯ್‌ಗುಡುವಿಕೆ ಇಲ್ಲ,
ಮೌನ ತೊಳೆದು ಬೋರಲು ಹಾಕಿದ ತಟ್ಟೆ.
ಒಂಚೂರು ಹೆಚ್ಚೇ ತೊಳೆದಿದ್ದಾರೆ ಅನ್ನಿಸಿತು,
ಹೇಳಲಿಲ್ಲ.
ಬೋಗುಮಿಲ್ ಎಡಗಿವಿ ಮುಂದೆ ಮಾಡಿ ನಿಂತಿದ್ದ.

ಸಾವಿರದ ಐವತ್ತು. ಉಳಿದದ್ದಕ್ಕೆ ತಂತಿ.
ಪೇಪರು ಮಡಿಸಿ ಹಿಡಿದಂತೆ ಕಂಕುಳಲ್ಲಿ ಅದನ್ನಿಟ್ಟುಕೊಂಡು
ನಾಲ್ಕು ಮಹಡಿ ಎಲ್ಲೂ ನಿಲ್ಲದೆ ಹತ್ತಿದ,
ಮೋಸಹೋದವನ ಮುಖದಲ್ಲಿ.

ಅಣಬೆಯಷ್ಟು ಮೈಕು ಕೊಟ್ಟಿದ್ದರು.
ಉಪ್ಪುಸೌತೆಯ ಬಾಟಲಿ ಮೇಲೆ, ನಮ್ಮಿಬ್ಬರ ನಡುವೆ ಇಟ್ಟೆವು.
ದಯವಿಟ್ಟು ಮೌನವಾಗಿರಿ, ಎಂದಿತು ಟಿವಿ.
ಐದು ದಿಕ್ಕಿನಿಂದ ಐದು ಸಿಳ್ಳೆ.
ಎಡ ಎರಡು ಮೀಟರ್ ಹತ್ತು, ಬಲ ಎರಡು ನಲವತ್ತು,
ಎಲ್ಲ ಸಮ ಮಾಡಿದ್ದೇನೆ, ಎಂದಿತು.
ಅದಕ್ಕೇನು ಗೊತ್ತು.
ಅವನು ಬಲವನ್ನು ಏರಿಸಿದ. ನನಗೆ ಕಿವಿ ಗವ್ವೆಂದಿತು, ಇಳಿಸಿದೆ.
ಏರಿಸಿದ. ಇಳಿಸಿದೆ.
ಕೊನೆಗೆ ನನ್ನ ಕುರ್ಚಿ ಎತ್ತಿ ಅವನ ಎಡಕ್ಕೆ ಹಾಕಿಕೊಂಡೆ.

ಅದೇ ಸಿನಿಮಾ. ಅದೇ ಹೆಂಗಸು, ಅದೇ ಬಾಗಿಲು.
'ಹೊರಗೆ ಯಾರೂ ಇಲ್ಲ,' ಎಂದಳು.
'ಇಷ್ಟೇನಾ?' ಎಂದ ಬೋಗುಮಿಲ್.

ಕ್ಲುಸ್ಕಾ ಹೊಸ ಪೆಟ್ಟಿಗೆ ಏರಿ ಕೂತು ಕಾಯಿತು,
ಅರ್ಧ ಗಂಟೆ ಕಾಯಿತು,
ಇಳಿದು ಬಂದು ಅವನ ತೊಡೆ ಹತ್ತಿತು.
ಅವನು ಅದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದು
'ಐದು ಕಿಲೋ,' ಎಂದ,
ಗೌರವದಿಂದ.