ಬೋರಲು ಮಲಗಿದವರ ಊರಿನಲ್ಲಿ

ನಮ್ಮ ತಿಯೇರಿನಲ್ಲಿ ಒಂದು ಕಾಲಕ್ಕೆ
ಗಂಡಸರು ಬೋರಲು ಮಲಗಿ ದುಡಿಯುತ್ತಿದ್ದರು.
ನಗಬೇಡಿ.
ಹೊಳೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಹೊಟ್ಟೆ,
ಮೂಗಿನ ನೇರಕ್ಕೆ ಗಿರಗಿರ ತಿರುಗುವ ಸಾಣೆಕಲ್ಲು.
ಕಲ್ಲು ತಿರುಗಿಸಲು ದ್ಯುರೋಲ್ ನದಿ,
ಕಾಲು ಬೆಚ್ಚಗಿಡಲು ನಾಯಿ.
ಅಜ್ಜ ಗಾಸ್ಪಾರನ ಫಿನೆತ್
ಏಳು ಗಂಟೆಗೆ ಸರಿಯಾಗಿ ಅವನ ಮೀನಖಂಡವೇರಿ ಮಲಗಿದರೆ
ಊಟದ ಗಂಟೆಗೇ ಇಳಿಯುತ್ತಿದ್ದುದು.
ಸಂಬಳವಿಲ್ಲದ್ದು ಅದಕ್ಕೊಂದೇ ಎಂದು ಹೇಳುವಂತಿಲ್ಲ.

ನಾನು ಕೂತೇ ದುಡಿದವಳು. ಹತ್ತೊಂಬತ್ತು ವರ್ಷ
ಅಲಗಿಗೆ ಹಿಡಿ, ಹಿಡಿಗೆ ಮೊಳೆ,
ಮಡಚಿದಾಗ ಟಕ್ಕೆನ್ನುವ ಸದ್ದು ಕೇಳಿದ ಮೇಲೆ ಮುಂದಿನದು.
ಸದ್ದು ಸರಿಯಿಲ್ಲದಿದ್ದರೆ ಕಿವಿಗೇ ಗೊತ್ತು;
ಸೌಟಿನ ಸದ್ದಿಗೆ ಪಾತ್ರೆ ತಳ ಹಿಡಿದದ್ದು ತಿಳಿಯುವ ಹಾಗೆ.

ಆಮೇಲೊಂದು ಮಂಗಳವಾರ
ದೊಡ್ಡ ಸುತ್ತಿಗೆಯಂತ್ರದ ಬೋಲ್ಟುಗಳನ್ನು ಬಿಚ್ಚಿದರು.
ಕಬ್ಬಿಣವೇ ಹಡಗು ಹತ್ತಿತು,
ನಾವು ದಡದಲ್ಲಿ.
ನೆಲದಲ್ಲಿ ಉಳಿದ ನಾಲ್ಕು ತೂತುಗಳಿಗೆ
ಯಾರೋ ಸಿಗರೇಟು ತುಂಡು ಹಾಕತೊಡಗಿದರು.
ಈಗ ಅದೇ ಸುತ್ತಿಗೆ, ಅದೇ ಅಚ್ಚು, ಮತ್ತೊಂದು ಸಮುದ್ರದಾಚೆ
ಏನು ಬಡಿಯುತ್ತದೋ ಅದನ್ನೇ ನಾನು ಮಾರುತ್ತೇನೆ,
ಬಾರ್ನೆರಿಯಾಸನ ಅಂಗಡಿಯಲ್ಲಿ, ಚರ್ಚಿನ ಇಳಿಜಾರಿಗೆ.

ಬೇಸಿಗೆಯ ಪ್ರವಾಸಿಗರು ಅಲಗು ತಿರುಗಿಸಿ ಕೇಳುತ್ತಾರೆ:
‘ಇದು ಇಲ್ಲಿಯದೇ ತಾನೆ?’
ಹೇಳಿಕೊಟ್ಟ ಉತ್ತರ ನನ್ನ ನಾಲಿಗೆಯ ತುದಿಯಲ್ಲಿದೆ:
‘ಇಲ್ಲಿಯ ಪರಂಪರೆಯದು, ಮೇಡಂ.’
ಸುಳ್ಳಲ್ಲ. ಸಾಣೆ ಹಿಡಿದ ಮಾತು, ಅಷ್ಟೇ.
ಒಂಬತ್ತು ಯೂರೋ.
ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ತೆಯೋಫೀಲ್ ಮಾಡಿದ್ದು, ನೂರ ನಲವತ್ತು.
ಅದನ್ನು ನೋಡುತ್ತಾರೆ, ಹೊಗಳುತ್ತಾರೆ,
ಫೋಟೋ ತೆಗೆದುಕೊಂಡು ಒಂಬತ್ತರದ್ದು ಕೊಳ್ಳುತ್ತಾರೆ.
ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದು ಯಾವುದು
ಅಂತ ಮಾತ್ರ ಕೇಳಬೇಡಿ.

ಕಳೆದ ಫೆಬ್ರವರಿ, ಹೊಸ ಪೆಟ್ಟಿಗೆ ಒಡೆದೆ.
ಎಣ್ಣೆಕಾಗದದಲ್ಲಿ ಸುತ್ತಿದ ಇನ್ನೂರು ಅಲಗು;
ಒಂದರ ಮೇಲೆ ಹೆಬ್ಬೆಟ್ಟಿನ ಗುರುತು.
ಒರೆಸಲು ಬಟ್ಟೆ ಎತ್ತಿದವಳು ನಿಂತೆ.
ಗುರುತಿನಲ್ಲಿ ಗೆರೆಯಿರಲಿಲ್ಲ.
ಒಂದೂ ಇಲ್ಲ. ಹೊಳೆಯ ಕಲ್ಲಿನಷ್ಟು ನುಣುಪು.

ಅಜ್ಜನ ಬೆರಳಿಗೆ ಗುಮಾಸ್ತ ಮೂರು ಸಲ ಮಸಿ ಬಳಿದಿದ್ದನಂತೆ,
ಗುರುತುಚೀಟಿಗೆ.
ಮೂರು ಸಲವೂ ಬರೀ ಕಪ್ಪು ಬೊಟ್ಟು.
‘ಗೆರೆಯೇ ಇಲ್ಲವಲ್ಲಯ್ಯ, ನೀನೆಂದು ಹೇಗೆ ನಂಬಲಿ?’
‘ಕಲ್ಲನ್ನು ಕೇಳಿ, ಅದರ ಹತ್ತಿರ ಇವೆ’ ಎಂದನಂತೆ ಅಜ್ಜ.

ಯಾರನ್ನು ಬೈಯಲಿ ಹೇಳಿ.
ಇಷ್ಟು ವರ್ಷ ಸಮುದ್ರದ ಕಡೆ ತಿರುಗಿ ಹಲ್ಲು ಕಡಿದವಳು
ಆ ದಿನ ಅಲಗನ್ನು ಒರೆಸಲಿಲ್ಲ,
ಮಾರಲೂ ಇಲ್ಲ. ಡ್ರಾಯರಿನಲ್ಲಿದೆ.
ಅವನಿಗೂ, ಅವಳಿಗೂ ಇರಬಹುದು,
ಕಾಲ ಮೇಲೆ ಮಲಗುವ ನಾಯಿ ಇದೆಯೋ ಇಲ್ಲವೋ.

ಆದರೂ ಸೊಸೆ ಅಪೊಲಿನ್ ಮನೆ ಮಾಡಿದಾಗ
ಬೆಟ್ಟದ ಮೆಟ್ಟಿಲು ಹತ್ತಿ ತೆಯೋಫೀಲನ ಹತ್ತಿರ ಹೋದೆ.
ನಾಲ್ಕು ಕಂತು. ಜೂನಿಪರ್ ಮರದ ಹಿಡಿ;
ಮುಷ್ಟಿಯಲ್ಲಿ ಬಿಸಿಯಾದರೆ ಮೆಣಸಿನ ವಾಸನೆ ಬರುವಂಥದ್ದು.
ಅವನಿಗೆ ಎಪ್ಪತ್ತೊಂದು; ಕಲಿಯಲು ಬಂದ ಹುಡುಗ
ಈಸ್ಟರಿಗೆ ಹೋದವನು ಮರಳಿಲ್ಲ.
‘ಸದ್ದು ಕೇಳು’ ಎಂದು ಮಡಚಿದ.
ಟಕ್.
ಕಣ್ಣು ಒರೆಸಿಕೊಂಡೆ; ಸಾಣೆಯ ಧೂಳು ಅಂದೆ.

ನಮ್ಮಲ್ಲಿ ಚಾಕುವನ್ನು ಸುಮ್ಮನೆ ಕೊಡುವುದಿಲ್ಲ,
ಕೊಟ್ಟರೆ ನಂಟು ಕತ್ತರಿಸುತ್ತದೆ.
ಪಡೆದವರು ಒಂದು ಕಾಸಾದರೂ ಕೈಗಿಡಬೇಕು,
ಕೊಂಡ ಹಾಗೆ.
ಅಪೊಲಿನ್ ಪರ್ಸು ತಡಕಿದಳು, ಕೋಟು ತಡಕಿದಳು,
‘ಈಗ ಯಾರ ಹತ್ತಿರ ಚಿಲ್ಲರೆ ಇರುತ್ತೆ ಅತ್ತೆ?’
ಫೋನು ಎತ್ತಿ ತೋರಿಸಿದಳು.

ಚಾಕು ಮೇಜಿನ ಮೇಲೆ ಉಳಿಯಿತು,
ಕೊಟ್ಟದ್ದೂ ಅಲ್ಲ, ಕೊಂಡದ್ದೂ ಅಲ್ಲ.
ಹಸಿವಾಗಿತ್ತು. ಅದರಲ್ಲೇ ರೊಟ್ಟಿ ಕತ್ತರಿಸಿದೆವು.